ಕೃಷ್ಣನಿಗಿಂತ ಮೊದಲು ಬಂದ ಹತ್ತು ಮಂದಿ

ಅಮರ ಚಿತ್ರ ಕಥೆಯ ಹಳೆಯ ಪುಸ್ತಕಗಳನ್ನು ಕೂಡಿಡುವ ಹವ್ಯಾಸದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಪುಸ್ತಕಗಳನ್ನು ಮೂಲ ಕ್ರಮಸಂಖ್ಯೆಯ ಪ್ರಕಾರ ಜೋಡಿಸಲು ಕುಳಿತರೆ ಆರಂಭದಲ್ಲೇ ಒಂದು ತೊಡಕು ಎದುರಾಗುತ್ತದೆ. ಈ ಮಾಲೆಯ ಮೊದಲ ಪುಸ್ತಕವೆಂದು ಎಲ್ಲರೂ ಹೇಳುವ ‘ಕೃಷ್ಣ’ದ ಸಂಖ್ಯೆ 1 ಅಲ್ಲ, 11. ನಂತರ 12 ‘ಶಕುಂತಲಾ’, 13 ಪಾಂಡವ ಕುಮಾರರ ಕಥೆ, 14 ‘ಸಾವಿತ್ರಿ’, 15 ‘ರಾಮ’. ಅಲ್ಲಿಂದ ಮುಂದೆ ಲೆಕ್ಕ ಸರಿಯಾಗಿಯೇ ಸಾಗುತ್ತದೆ. ಹಾಗಾದರೆ 1ರಿಂದ 10ರವರೆಗಿನವು ಎಲ್ಲಿ ಹೋದವು? ಕೃಷ್ಣನಿಗಿಂತ ಮೊದಲು ಬಂದವರು ಯಾರು?

ಮತ್ಸ್ಯ, ಕೂರ್ಮ, ವರಾಹ ಎಂದು ದಶಾವತಾರದ ಲೆಕ್ಕ ಹಾಕಿ ಉಪಯೋಗವಿಲ್ಲ. ಕೃಷ್ಣನಿಗಿಂತ ಮೊದಲು ಬಂದವರ ಪಟ್ಟಿ ಹೀಗಿದೆ: ಹುರುಳಿಯ ಬಳ್ಳಿ ಹತ್ತಿ ಆಕಾಶಕ್ಕೆ ಹೋದ ಜ್ಯಾಕ್, ಸಿಂಡ್ರೆಲಾ, ಕೆಂಪು ಟೋಪಿಯ ಪುಟ್ಟ ಹುಡುಗಿ, ಅಲ್ಲಾದೀನ, ಅಷ್ಟೇನೂ ಪರಿಚಿತವಲ್ಲದ ‘ಮ್ಯಾಜಿಕ್ ಫೌಂಟನ್’, ಮೂರು ಹಂದಿಮರಿಗಳು, ನಿದ್ರಿಸುವ ಸುಂದರಿ, ಓಜ್ ದೇಶದ ಮಾಂತ್ರಿಕ, ಮೂಗು ಉದ್ದವಾಗುವ ಪಿನೋಕಿಯೋ, ಕೊನೆಗೆ ಏಳು ಕುಳ್ಳರ ಜತೆ ಸ್ನೋ ವೈಟ್. ಒಟ್ಟು ಹತ್ತು. ‘ಅಮರ ಚಿತ್ರ ಕಥೆ’ ಎಂಬ ಹೆಸರಿನಲ್ಲೇ ಇವು ಹೊರಬಂದದ್ದು 1965ರಲ್ಲಿ. ಊರು ಮುಂಬಯಿ ಅಲ್ಲ, ಬೆಂಗಳೂರು. ಭಾಷೆ ಇಂಗ್ಲಿಷ್ ಅಲ್ಲ, ಕನ್ನಡ.

ಭಾರತದ ಮಕ್ಕಳಿಗೆ ಪುರಾಣ ಕಲಿಸಿದ್ದೆಂದು ಹೆಸರಾದ, ನಾನ್ನೂರಕ್ಕೂ ಹೆಚ್ಚು ಶೀರ್ಷಿಕೆಗಳಿಗೆ ಬೆಳೆದ ಆ ಮಹಾಮಾಲೆ ಶುರುವಾದದ್ದು ಒಬ್ಬ ದೇವರೂ ಇಲ್ಲದ ಹತ್ತು ಕನ್ನಡ ಕಾಮಿಕ್ಸ್‌ಗಳಿಂದ. ಹತ್ತಕ್ಕೇ ನಿಂತುಹೋದ ಆ ಸರಣಿಯನ್ನು ಕನ್ನಡಿಗರೇ ಮರೆತಿದ್ದಾರೆ.

ಈ ಕಥೆಯನ್ನು ಬಹಳ ತಡವಾಗಿ ಹೇಳಿದವರು ಜಿ.ಕೆ. ಅನಂತರಾಮ್. ಆಗ ಅವರು ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಐಬಿಎಚ್ ಎಂಬ ಮೂರಕ್ಷರಗಳನ್ನು ಕನ್ನಡ ಪುಸ್ತಕಗಳ ಬೆನ್ನ ಮೇಲೆ ನೋಡಿದವರಿಗೆ ಈ ಸಂಸ್ಥೆಯನ್ನು ಪರಿಚಯಿಸಬೇಕಾಗಿಲ್ಲ. ಮಕ್ಕಳಿಗೆ ಚಿತ್ರಕಥೆಗಳನ್ನು ಕನ್ನಡದಲ್ಲೇ ಕೊಟ್ಟರೆ ಹೇಗೆ ಎಂಬ ಯೋಚನೆ ಬೆಂಗಳೂರಿನದು. ಅದಕ್ಕೆ ಒಪ್ಪಿದವರು ಸಂಸ್ಥೆಯ ಮುಖ್ಯಸ್ಥ ಮೀರ್‌ಚಂದಾನಿ. ಪುಸ್ತಕಗಳು ಚೆನ್ನಾಗಿ ಮಾರಾಟವಾದವು, ಆ ಮಾರಾಟವನ್ನು ಕಂಡೇ ಮುಂಬಯಿಯ ಮುಖ್ಯ ಕಚೇರಿ ಇದನ್ನು ಇಂಗ್ಲಿಷಿನಲ್ಲಿ ಮುಂದುವರಿಸಲು ಮನಸ್ಸು ಮಾಡಿತು, ಅನಂತ ಪೈ ಅವರು ಬಂದದ್ದು ಆಗಲೇ ಎಂಬುದು ಅನಂತರಾಮ್ ಅವರ ನಿರೂಪಣೆ. ಅದನ್ನು ಒಪ್ಪುವುದಾದರೆ ಕನ್ನಡ ಸರಣಿ ಸೋತು ನಿಂತದ್ದಲ್ಲ, ಗೆದ್ದು ನಿಂತದ್ದು. ಪ್ರಕಾಶನದ ಲೋಕದಲ್ಲಿ ಇಂಥ ಸಾವು ಅಪರೂಪ.

ಚಿತ್ರಗಳು ಬಂದದ್ದಾದರೂ ಎಲ್ಲಿಂದ? ಅದಕ್ಕೆ ಅಮೆರಿಕದವರೆಗೆ ಹೋಗಬೇಕು. ರಷ್ಯಾದಲ್ಲಿ ಹುಟ್ಟಿ ಅಮೆರಿಕ ಸೇರಿದ ಆಲ್ಬರ್ಟ್ ಕ್ಯಾಂಟರ್ ಎಂಬ ಪ್ರಕಾಶಕ 1941ರಲ್ಲಿ ದೊಡ್ಡ ದೊಡ್ಡ ಕಾದಂಬರಿಗಳನ್ನು ಕಾಮಿಕ್ಸ್ ರೂಪಕ್ಕೆ ಇಳಿಸಿ ಮಾರಲು ಶುರುಮಾಡಿದ. ಅದೇ ‘ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್’. ಪುಟ್ಟ ಮಕ್ಕಳಿಗಾಗಿ ಅದರ ಕಿರಿಯ ಶಾಖೆ ‘ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್’ 1953ರಲ್ಲಿ ಬಂತು. ಅದರ ಮೊದಲ ಪುಸ್ತಕವೇ ಸ್ನೋ ವೈಟ್. ನಮ್ಮ ಹತ್ತೂ ಕಥೆಗಳು ಆ ಜೂನಿಯರ್ ಪಟ್ಟಿಯಲ್ಲಿವೆ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಕಾಮಿಕ್ಸ್ ಎಂದರೆ ತಾಯ್ತಂದೆಯರು ಹೌಹಾರುತ್ತಿದ್ದರು ಎಂಬುದನ್ನೂ ಹೇಳಬೇಕು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆ ಎಂದು ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ 1954ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅದೇ ವರ್ಷ ಕಾಮಿಕ್ಸ್ ಉದ್ಯಮ ತನಗೆ ತಾನೇ ಒಂದು ನೀತಿಸಂಹಿತೆ ಹಾಕಿಕೊಂಡಿತು. ಕ್ಯಾಂಟರನ ಕಂಪನಿ ಮಾತ್ರ ಅದಕ್ಕೆ ಸಹಿ ಹಾಕಲಿಲ್ಲ. ನಮ್ಮದು ಕಾಮಿಕ್ಸ್ ಅಲ್ಲ, ಸಾಹಿತ್ಯ ಎಂದು ವಾದಿಸಿತು. ಶಾಲೆ, ಲೈಬ್ರರಿಗಳ ಬಾಗಿಲು ತಟ್ಟಲು ಧೈರ್ಯ ಇದ್ದ ಕಾಮಿಕ್ಸ್ ಅದೊಂದೇ ಎನ್ನಬಹುದು. ಚಿತ್ರ ನೋಡುತ್ತ ಕುಳಿತರೆ ಓದು ಹಾಳು ಎಂಬ ಮಾತು ನಮ್ಮ ಮನೆಗಳಲ್ಲೂ ಕೇಳಿಬರುತ್ತಿದ್ದ ಕಾಲದಲ್ಲಿ ಬೆಂಗಳೂರಿಗೆ ಇಂಥ ಸಭ್ಯ ಸರಕು ಸಿಕ್ಕಿದ್ದು ಅನುಕೂಲವೇ ಆಗಿರಬೇಕು.

ಕಾಮಿಕ್ಸ್‌ನ ಅನುವಾದ ಕಾದಂಬರಿಯ ಅನುವಾದದಂತಲ್ಲ. ಕಾದಂಬರಿಯಲ್ಲಿ ಅನುವಾದಕನಿಗೆ ಎರಡು ಪುಟ ಹೆಚ್ಚಾದರೂ ನಡೆಯುತ್ತದೆ. ಇಲ್ಲಿ ಪಾತ್ರದ ಬಾಯಿಂದ ಹೊರಟ ಮಾತಿನ ಗುಳ್ಳೆಯ ಅಳತೆ ಮೊದಲೇ ನಿಗದಿಯಾಗಿರುತ್ತದೆ, ಅದೂ ಇಂಗ್ಲಿಷ್ ಅಕ್ಷರದ ಅಳತೆಗೆ. ಇಂಗ್ಲಿಷಿನ ದೊಡ್ಡ ಅಕ್ಷರಗಳು ಸೈನಿಕರಂತೆ ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ಕನ್ನಡದ ಅಕ್ಷರ ಹಾಗಲ್ಲ. ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ದೀರ್ಘ, ಕೆಳಗೆ ಒತ್ತು. ಸಾಲಿಗೂ ಸಾಲಿಗೂ ನಡುವೆ ಹೆಚ್ಚು ಜಾಗ ಬೇಕು. ನಾಲ್ಕು ಸಾಲು ಇಂಗ್ಲಿಷ್ ಹಿಡಿಸುವಲ್ಲಿ ಮೂರು ಸಾಲು ಕನ್ನಡ ಹಿಡಿಸಿದರೆ ಪುಣ್ಯ. ಆದ್ದರಿಂದ ಚಿತ್ರಕಥೆಯ ಕನ್ನಡ ಚಿಕ್ಕದಾಗಲೇಬೇಕು. ‘ಅಯ್ಯೋ’, ‘ಛೆ’, ‘ಸಿಕ್ಕಿಬಿದ್ದೆ’ ಎಂಬಂಥ ಮಾತುಗಳಲ್ಲಿ ಕೆಲಸ ಮುಗಿಸಬೇಕು. ಗ್ರಾಂಥಿಕ ಕನ್ನಡಕ್ಕೆ ಅಲ್ಲಿ ಕೂರಲು ಜಾಗವೇ ಇಲ್ಲ.

ಇನ್ನು ನಮ್ಮ ಕರಾವಳಿಗೆ ಬರೋಣ. 1965ರಲ್ಲಿ ಉಡುಪಿ ಜಿಲ್ಲೆ ಎಂಬುದಿರಲಿಲ್ಲ. ಅದು ಬೇರೆಯಾದದ್ದು 1997ರಲ್ಲಿ. ಬೈಂದೂರು, ಬ್ರಹ್ಮಾವರಗಳು ತಾಲೂಕುಗಳಾದದ್ದಂತೂ ತೀರಾ ಈಚೆಗೆ. ಕೊಂಕಣ ರೈಲು ಉದ್ದಕ್ಕೂ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮೊದಲು ಪುಸ್ತಕ, ಪತ್ರಿಕೆ ಎಲ್ಲವೂ ಬಸ್ಸಿನ ಟಾಪಿನ ಮೇಲೆ ಬರಬೇಕಾಗಿತ್ತು. ಮಕ್ಕಳ ಕೈಗೆ ಬಂದರೆ ‘ಚಂದಮಾಮ’ ಬರುತ್ತಿತ್ತು. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾಗಿ ಬಳಿಕ ಕನ್ನಡಕ್ಕೂ ಬಂದ ಆ ಮಾಸಪತ್ರಿಕೆಯಲ್ಲಿ ಚಿತ್ರಗಳೇನೋ ಧಾರಾಳವಾಗಿದ್ದವು. ಆದರೆ ಚೌಕದಿಂದ ಚೌಕಕ್ಕೆ ಕಥೆ ನಡೆಸುವ ಕಾಮಿಕ್ಸ್ ಬೇರೆ ಜಾತಿ.

ಹಾಗೆಂದು ಇಲ್ಲಿನ ಮಕ್ಕಳಿಗೆ ‘ಕಾರ್ಟೂನು’ ಇರಲಿಲ್ಲ ಎನ್ನುವಂತಿಲ್ಲ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಅಮೃತೇಶ್ವರಿ, ಸಾಲಿಗ್ರಾಮದ ಮೇಳಗಳಿದ್ದ ನೆಲ ಇದು. ಕೊಯ್ಲಾದ ಗದ್ದೆಯಲ್ಲಿ ಚಾಪೆ ಹಾಸಿ, ಅರ್ಧ ಆಟ ನೋಡಿ ಅರ್ಧ ನಿದ್ದೆ ಮಾಡಿ ಬೆಳೆದ ಮಕ್ಕಳು ಇಲ್ಲಿಯವರು. ಬಣ್ಣದ ವೇಷ ಅಟ್ಟಹಾಸ ಮಾಡುತ್ತ ಬರುವ ಹೊತ್ತಿಗೆ ಹಿರಿಯರು ತಾವಾಗಿ ಎಬ್ಬಿಸುತ್ತಿದ್ದರು, ‘ಏಳ್ ಮಗಾ, ರಕ್ಕಸ ಬಂತ್’ ಎಂದು. ಕುಂದಾಪುರದ ಪಕ್ಕದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟ ಇತ್ತು, ಈಗಲೂ ಇದೆ. ದಾರದ ತುದಿಯಲ್ಲಿ ಹಾರುವ ಹನುಮಂತನನ್ನು ಕಂಡ ಮಗುವಿಗೆ ಚೌಕಗಳಲ್ಲಿ ಹಾರುವ ಹನುಮಂತ ಹೊಸದೇನಲ್ಲ. ಮುಂದೆ ಪಂಜು ಗಂಗೊಳ್ಳಿ, ಸತೀಶ್ ಆಚಾರ್ಯರಂಥ ವ್ಯಂಗ್ಯಚಿತ್ರಕಾರರು ಇದೇ ಕುಂದಾಪುರ ಸೀಮೆಯಿಂದ ಬಂದರೆಂಬುದಕ್ಕೂ ಇದಕ್ಕೂ ಸಂಬಂಧ ಉಂಟೋ ಇಲ್ಲವೋ, ವೇಷ ನೋಡಿಯೇ ಪಾತ್ರದ ಸ್ವಭಾವ ಹೇಳುವ ಕಣ್ಣು ಮಾತ್ರ ಈ ಊರಿನವರಿಗೆ ಮೊದಲಿಂದಲೂ ಇದೆ.

ಇಂಥ ಮಗುವಿನ ಕೈಗೆ ಆ ಹತ್ತು ಪುಸ್ತಕಗಳಲ್ಲಿ ಒಂದನ್ನು ಇಟ್ಟು ನೋಡಿ. ಅದರಲ್ಲಿ ರಾಮನಿಲ್ಲ, ಅಭಿಮನ್ಯುವಿಲ್ಲ. ಹೊಂಬಣ್ಣದ ಕೂದಲಿನ ಹುಡುಗಿ ಇದ್ದಾಳೆ, ಗಾಜಿನ ಚಪ್ಪಲಿ ಇದೆ, ಕುಂಬಳಕಾಯಿ ಸಾರೋಟಾಗುತ್ತದೆ. ಜ್ಯಾಕ್ ಬಿತ್ತಿದ ಕಾಳು ರಾತ್ರಿ ಬೆಳಗಾಗುವಷ್ಟರಲ್ಲಿ ಮುಗಿಲು ಮುಟ್ಟುತ್ತದೆ. ಅಲಸಂಡೆ ಬಳ್ಳಿ ಚಪ್ಪರದಿಂದ ಮೇಲಕ್ಕೆ ಹೋದದ್ದನ್ನು ಕಾಣದವರಿಗೆ ಇದು ಬೆರಗಲ್ಲವೇ? ಕೆಂಪು ಟೋಪಿಯ ಹುಡುಗಿಗೆ ಕಾಡಿನಲ್ಲಿ ಎದುರಾಗುವುದು ತೋಳ. ಘಟ್ಟದ ಬುಡದ ನಮ್ಮ ಕಾಡುಗಳಲ್ಲಿ ಹುಲಿ, ಚಿರತೆ, ಕಾಟಿಗಳ ಕಥೆಗೆ ಬರವಿಲ್ಲ, ತೋಳ ಮಾತ್ರ ಪುಸ್ತಕದ ಪ್ರಾಣಿ. ಮೂರು ಹಂದಿಮರಿಗಳ ಕಥೆಯನ್ನು ಮಾತ್ರ ಇಲ್ಲಿನ ಮಗುವಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹುಲ್ಲಿನ ಮನೆ, ಕಡ್ಡಿಯ ಮನೆ, ಇಟ್ಟಿಗೆಯ ಮನೆ. ಮುಳಿಹುಲ್ಲಿನ ಮಾಡು, ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚು ಎಂದು ಬದಲಿಸಿಕೊಂಡರೆ ಆಯಿತು. ಆಟಿಯ ಗಾಳಿಗೆ ಯಾವ ಮಾಡು ಹಾರುತ್ತದೆ, ಯಾವುದು ನಿಲ್ಲುತ್ತದೆ ಎಂಬುದು ಕುಂದಾಪುರದ ಮಕ್ಕಳಿಗೆ ತೋಳನಿಗಿಂತ ಚೆನ್ನಾಗಿ ಗೊತ್ತಿತ್ತು.

ಹೊರಗಿನ ಕಥೆಯನ್ನು ಕನ್ನಡದ ಮಕ್ಕಳಿಗೆ ಕೊಡುವುದು 1965ರಲ್ಲಿ ಹೊಸ ವಿಚಾರವೇನೂ ಆಗಿರಲಿಲ್ಲ. ಕುವೆಂಪು ಅವರು ಬ್ರೌನಿಂಗ್‌ನ ಕವಿತೆಯಿಂದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ತಂದಾಗ ಜರ್ಮನಿಯ ಹ್ಯಾಮೆಲಿನ್ ಪಟ್ಟಣ ನಮ್ಮ ಬೊಮ್ಮನಹಳ್ಳಿಯಾಯಿತು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲೇ ‘ಬಾಲ ಪ್ರಪಂಚ’ದ ಮೂರು ಸಂಪುಟಗಳಲ್ಲಿ ಮಕ್ಕಳ ಮುಂದೆ ಲೋಕವನ್ನೇ ಹರಡಿದ್ದರು. ಈ ಊರಿನ ಮಗು ಈ ಊರನ್ನಷ್ಟೇ ತಿಳಿದರೆ ಸಾಲದು ಎಂದು ಅವರಿಗೆ ಅನಿಸಿತ್ತು. ಬೆಂಗಳೂರಿನ ಚಿತ್ರಕಥೆಗಳು ನಡೆದದ್ದು ಕಾರಂತರ ದಾರಿಯಲ್ಲಿ, ಕುವೆಂಪು ದಾರಿಯಲ್ಲಲ್ಲ. ಚಿತ್ರ ಮೊದಲೇ ಬರೆದಾಗಿತ್ತಲ್ಲ! ಸಿಂಡ್ರೆಲಾಳಿಗೆ ಸೀರೆ ಉಡಿಸುವಂತಿರಲಿಲ್ಲ. ಮಾತು ಕನ್ನಡ, ಮೈ ಪರದೇಶ. ಅದೇ ಆ ಸರಣಿಯ ವಿಚಿತ್ರ, ಅದೇ ಅದರ ಚೆಲುವು.

ಪರದೇಶ ಎಂದರೂ ಯಾವ ದೇಶ? ಅಲ್ಲಾದೀನನ ಕಥೆಯನ್ನೇ ನೋಡಿ. ಹದಿನೆಂಟನೇ ಶತಮಾನದ ಆರಂಭದಲ್ಲಿ ಸಿರಿಯಾದ ಅಲೆಪ್ಪೊ ಪಟ್ಟಣದ ಹನ್ನಾ ದಿಯಾಬ್ ಎಂಬವನ ಬಾಯಿಂದ ಅದನ್ನು ಕೇಳಿ ಫ್ರೆಂಚರ ಆಂಟ್ವಾನ್ ಗ್ಯಾಲಂಡ್ ‘ಅರೇಬಿಯನ್ ನೈಟ್ಸ್’ಗೆ ಸೇರಿಸಿದ. ಕಥೆ ನಡೆಯುವುದು ಮಾತ್ರ ಚೀನಾದಲ್ಲಂತೆ! ಅಲ್ಲಿಂದ ಇಂಗ್ಲಿಷು, ಅಮೆರಿಕದ ಕಾಮಿಕ್ಸು, ಕೊನೆಗೆ ಬೆಂಗಳೂರಿನ ಕನ್ನಡ. ಪಿನೋಕಿಯೋ ಇಟಲಿಯ ಕೊಲ್ಲೋಡಿಯದು, ಓಜ್ ಮಾಂತ್ರಿಕ 1900ರಲ್ಲಿ ಬಂದ ಅಮೆರಿಕದ ಬಾಮ್‌ನ ಪುಸ್ತಕದ್ದು, ಸ್ನೋ ವೈಟ್ ಜರ್ಮನಿಯ ಗ್ರಿಮ್ ಸಹೋದರರದು.

ಸಿಂಡ್ರೆಲಾಳ ವಿಷಯ ಇನ್ನೂ ಸ್ವಾರಸ್ಯದ್ದು. ಫ್ರಾನ್ಸಿನ ಪೆರೋ 1697ರಲ್ಲಿ ಪ್ರಕಟಿಸಿದ ಈ ಕಥೆಗೆ ಕನ್ನಡದಲ್ಲೊಬ್ಬ ಅಕ್ಕ ಇದ್ದಾಳೆ. ಎ.ಕೆ. ರಾಮಾನುಜನ್ ಅವರು ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿದ ‘ಹಂಚಿ’ ಎಂಬ ಜನಪದ ಕಥೆಯಲ್ಲಿ ತಾಯಿಯೊಬ್ಬಳು ತನ್ನ ಚೆಲುವೆ ಮಗಳ ಮುಖವನ್ನು ಮಣ್ಣಿನ ಮುಖವಾಡದಿಂದ ಮುಚ್ಚಿ ಮನೆಯಿಂದ ದೂರ ಕಳಿಸುತ್ತಾಳೆ. ಹುಡುಗಿ ಸಿರಿವಂತರ ಮನೆಯಲ್ಲಿ ಅಡುಗೆ ಕೆಲಸಕ್ಕೆ ನಿಲ್ಲುತ್ತಾಳೆ, ಕೊನೆಗೆ ಅವಳ ನಿಜರೂಪ ಆ ಮನೆಯ ಮಗನ ಕಣ್ಣಿಗೆ ಬೀಳುತ್ತದೆ. ಗಾಜಿನ ಚಪ್ಪಲಿಯ ಜಾಗದಲ್ಲಿ ಮಣ್ಣಿನ ಮುಖವಾಡ. ಇದನ್ನು ಕನ್ನಡದ ಸಿಂಡ್ರೆಲಾ ಎಂದೇ ಕರೆದು ರಾಮಾನುಜನ್ ಪ್ರಬಂಧ ಬರೆದರು. ಆದರೆ ಹಂಚಿಗೆ 1965ರ ಆ ಚೌಕಗಳಲ್ಲಿ ಜಾಗ ಸಿಗಲಿಲ್ಲ. ಚಿತ್ರ ಬರೆಸಲು ಹಣ ಬೇಕು, ಸಿದ್ಧ ಚಿತ್ರ ಅಗ್ಗ. ಮಕ್ಕಳ ಪುಸ್ತಕದ ಹಣೆಬರಹ ಎಷ್ಟೋ ಸಲ ಹೀಗೆಯೇ ನಿರ್ಧಾರವಾಗುತ್ತದೆ.

ಈಗ ಅನಂತ ಪೈ ಅವರ ಕಡೆಗೆ. ಅವರೂ ನಮ್ಮವರೇ. ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ. ಎರಡು ವರ್ಷವಾಗುವಷ್ಟರಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಬಾಲಕ ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿ ಸೇರಿದ. ಘಟ್ಟದ ಕೆಳಗಿನ ಎಷ್ಟು ಸಾವಿರ ಹುಡುಗರು ಹೀಗೆ ಮುಂಬಯಿಗೆ ಹೋಗಿಲ್ಲ! ಹೆಚ್ಚಿನವರು ಹೋಟೆಲು ಸೇರಿದರು, ಇವರು ಕೆಮಿಕಲ್ ಟೆಕ್ನಾಲಜಿ ಓದಿದರು. ಆದರೂ ಮನಸ್ಸು ಮಾತ್ರ ಅಚ್ಚಿನ ಮನೆಯಲ್ಲಿ. 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ತೆಗೆದು ಕೈಸುಟ್ಟುಕೊಂಡರು. ಮುಂದೆ ಟೈಮ್ಸ್ ಆಫ್ ಇಂಡಿಯಾ ಬಳಗ ಸೇರಿದರು. ಆ ಬಳಗ 1964ರ ಮಾರ್ಚ್‌ನಲ್ಲಿ ಫ್ಯಾಂಟಮ್‌ನನ್ನು ನಾಯಕನಾಗಿಸಿ ‘ಇಂದ್ರಜಾಲ್ ಕಾಮಿಕ್ಸ್’ ಹೊರತಂದಾಗ ಅದರಲ್ಲೂ ಪೈ ಅವರ ಕೈ ಇತ್ತು.

ಪೈ ಅವರು ಹಲವು ಸಲ ಹೇಳಿದ ಪ್ರಸಂಗ ಒಂದಿದೆ. 1967ರಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಟಿ.ವಿ. ನೋಡುತ್ತ ನಿಂತಿದ್ದರು. ಆಗ ದೇಶದಲ್ಲಿ ಟಿ.ವಿ. ಇದ್ದದ್ದೇ ದೆಹಲಿಯೊಂದರಲ್ಲಿ. ವಿದ್ಯಾರ್ಥಿಗಳ ರಸಪ್ರಶ್ನೆ ನಡೆಯುತ್ತಿತ್ತು. ಗ್ರೀಕ್ ದೇವತೆಗಳ ಬಗ್ಗೆ ಕೇಳಿದರೆ ಥಟ್ಟನೆ ಉತ್ತರ ಬಂತು. ರಾಮನ ತಾಯಿ ಯಾರು ಎಂದು ಕೇಳಿದರೆ ಮೌನ. ನಮ್ಮ ಮಕ್ಕಳಿಗೆ ನಮ್ಮ ಕಥೆ ಹೇಳಬೇಕೆಂಬ ಸಂಕಲ್ಪ ತನಗೆ ಆದದ್ದು ಅಲ್ಲೇ ಎನ್ನುತ್ತಿದ್ದರು. ಬಳಿಕ ಇಂಡಿಯಾ ಬುಕ್ ಹೌಸ್‌ನಿಂದಲೇ ‘ಕೃಷ್ಣ’ ಬಂತು, ರಾಮ್ ವಾಯೀರ್‌ಕರ್ ಅವರ ಚಿತ್ರಗಳೊಂದಿಗೆ. ಹೆಸರು ಅದೇ, ‘ಅಮರ ಚಿತ್ರ ಕಥೆ’. ಸಂಖ್ಯೆಯೂ ಅದೇ ಲೆಕ್ಕದ ಮುಂದುವರಿಕೆ, 11.

ದೆಹಲಿಯ ಆ ರಸಪ್ರಶ್ನೆಯನ್ನು ಅದೇ ವರ್ಷ ಕೋಟದಲ್ಲೋ ಉಪ್ಪುಂದದಲ್ಲೋ ನಡೆಸಿದ್ದರೆ ಏನಾಗುತ್ತಿತ್ತು? ರಾಮನ ತಾಯಿಯಷ್ಟೇ ಏಕೆ, ಬಭ್ರುವಾಹನನ ತಾಯಿ ಯಾರೆಂದು ಹೇಳುವ ಹುಡುಗರೂ ಸಿಗುತ್ತಿದ್ದರು. ಸಿಗದೆ ಇರುತ್ತಿದ್ದುದು ಗ್ರೀಕ್ ದೇವತೆಗಳು. ಪೈ ಅವರ ಮೊದಲ ಹತ್ತು ಪುಸ್ತಕಗಳ ಪಟ್ಟಿಯಲ್ಲಿ ಕೃಷ್ಣ, ರಾಮ, ಹನುಮಂತನ ಜತೆಗೆ ನಳದಮಯಂತಿ, ಹರಿಶ್ಚಂದ್ರ, ರಾಮನ ಮಕ್ಕಳ ಕಥೆ, ಮಹಾಭಾರತ ಎಲ್ಲವೂ ಇವೆ. ಇದನ್ನು ಯಾವುದೋ ಮೇಳದವರು ಆ ವರ್ಷದ ತಿರುಗಾಟಕ್ಕೆ ಹೊರಡಿಸಿದ ಪ್ರಸಂಗಗಳ ಪಟ್ಟಿ ಎಂದು ತೋರಿಸಿದರೂ ಇಲ್ಲಿ ಯಾರೂ ಅನುಮಾನಪಡುತ್ತಿರಲಿಲ್ಲ.

ಈ ಎರಡು ಹತ್ತುಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುವುದು ಒಂದೇ ಹೆಸರಿನ ಎರಡು ಬೇರೆ ಬೇರೆ ಹಸಿವು. ಪುರಾಣ ಮನೆಯಲ್ಲೇ ಸಿಗುತ್ತಿದ್ದ ಕನ್ನಡದ ಮಗುವಿಗೆ 1965ರ ಸರಣಿ ಹೊರಗಿನ ಕಿಟಕಿ ತೆರೆಯಿತು. ಹೊರಗಿನದೆಲ್ಲ ಶಾಲೆಯಲ್ಲೇ ಸಿಗುತ್ತಿದ್ದ ಇಂಗ್ಲಿಷ್ ಓದಿನ ನಗರದ ಮಗುವಿಗೆ ಪೈ ಅವರ ಸರಣಿ ಮನೆಯ ಬಾಗಿಲು ತೆರೆಯಿತು. ಎರಡನೆಯದರ ಕಥೆಯನ್ನು ಇಡೀ ದೇಶ ಹೇಳಿತು, ಏಕೆಂದರೆ ಹೇಳುವವರ ಕೈಯಲ್ಲಿ ಇಂಗ್ಲಿಷ್ ಇತ್ತು. ಪೈ ಅವರು ತಮ್ಮ ಮಾಲೆಯನ್ನು ನಾಲ್ಕು ದಶಕ ಹೆಗಲ ಮೇಲೆ ಹೊತ್ತು ನಡೆದವರು, ಅವರಿಗೆ ಸಂದ ಗೌರವದಲ್ಲಿ ಒಂದು ಕಾಳನ್ನೂ ಕಡಿಮೆ ಮಾಡಬೇಕಾಗಿಲ್ಲ. ಆದರೆ ಎರಡು ವರ್ಷ ಮೊದಲೇ, ಅದೇ ಸಂಸ್ಥೆಯಲ್ಲಿ, ಅದೇ ಹೆಸರಿನಲ್ಲಿ ಕನ್ನಡದಲ್ಲಿ ಒಂದು ಮಾಲೆ ಬಂದು ಮಾರಾಟವಾಗಿತ್ತೆಂಬುದು ಆ ಕಥೆಯಲ್ಲಿ ಅಡಿಟಿಪ್ಪಣಿಯಾಗಿಯೂ ಬಹುಕಾಲ ಬರಲಿಲ್ಲ. ದೆಹಲಿಯ ಟಿ.ವಿ. ಪ್ರಸಂಗ ಹೇಳಲು ಚೆನ್ನಾಗಿದೆ. ಬೆಂಗಳೂರಿನ ಮಾರಾಟದ ಲೆಕ್ಕಪುಸ್ತಕದಲ್ಲಿ ಅಂಥ ನಾಟಕ ಇಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಮಾಲೆ ಬೆಳೆಯಿತು, ಹಲವು ಭಾಷೆಗಳಿಗೆ ಹೋಯಿತು, ಕನ್ನಡಕ್ಕೂ ಮರಳಿ ಬಂತು, ಈ ಸಲ ಅನುವಾದವಾಗಿ. 1980ರಲ್ಲಿ ‘ಟಿಂಕಲ್’ ಆರಂಭವಾಗಿ ಪೈ ಅವರು ದೇಶದ ಮಕ್ಕಳಿಗೆಲ್ಲ ‘ಅಂಕಲ್ ಪೈ’ ಆದರು. ರಾಕ್ಷಸರಿಗೆಲ್ಲ ಕಪ್ಪು ಬಣ್ಣ, ದೇವರಿಗೆಲ್ಲ ಬಿಳಿ ಬಣ್ಣ ಏಕೆ, ಹೆಂಗಸರೆಲ್ಲ ಒಂದೇ ಅಚ್ಚಿನಲ್ಲಿ ಏಕೆ ಎಂದು ವಿದ್ವಾಂಸರು ಪ್ರಶ್ನಿಸಿದರು. ಆ ಪ್ರಶ್ನೆಗಳು ನ್ಯಾಯವಾದವೇ. 2011ರ ಫೆಬ್ರುವರಿ 24ರಂದು ಪೈ ತೀರಿಕೊಂಡರು. ನಡುವೆ ಮರುಮುದ್ರಣಗಳಲ್ಲಿ ಪುಸ್ತಕಗಳ ಕ್ರಮಸಂಖ್ಯೆಯೇ ಬದಲಾಯಿತು. ಅದರೊಂದಿಗೆ ‘11’ ಎಂಬ ಏಕೈಕ ಸಾಕ್ಷಿಯೂ ಕಣ್ಣಿಂದ ಮರೆಯಾಯಿತು. ಹಳೆಯ ಪ್ರತಿ ಇದ್ದವರಿಗಷ್ಟೇ ಈಗ ಆ ಪ್ರಶ್ನೆ ಹುಟ್ಟುತ್ತದೆ.

ಕುಂದಾಪುರದ ಮಕ್ಕಳೂ ಬದಲಾಗಿದ್ದಾರೆ. ಇಂಗ್ಲಿಷ್ ಮಾಧ್ಯಮದ ಶಾಲೆಯ ಬಸ್ಸು ಈಗ ಹಳ್ಳಿಯ ಒಳದಾರಿಗೂ ಬರುತ್ತದೆ. ರಾತ್ರಿಯಿಡೀ ನಡೆಯುತ್ತಿದ್ದ ಆಟಗಳ ಜಾಗದಲ್ಲಿ ಕಾಲಮಿತಿಯ ಪ್ರದರ್ಶನಗಳು ಹೆಚ್ಚುತ್ತಿವೆ. ಸಿಂಡ್ರೆಲಾ ಈಗ ಎಲ್ಲರಿಗೂ ಗೊತ್ತು. ಚಿತ್ರಾಂಗದೆಯನ್ನು ಕೇಳಿದರೆ ದೆಹಲಿಯ ಆ ಮೌನ ಇಲ್ಲೂ ಸಿಕ್ಕೀತು. ಸಿಂಡ್ರೆಲಾಳನ್ನು ಕನ್ನಡದಲ್ಲಿ ಮಾತಾಡಿಸಿದ ಪುಸ್ತಕವನ್ನು ಕೇಳಿದರಂತೂ ದೊಡ್ಡವರೂ ಸುಮ್ಮನಾಗುತ್ತಾರೆ.

ಅಗ್ಗದ ಕಾಗದದ ಕಾಮಿಕ್ಸ್‌ಗೆ ಕರಾವಳಿಯ ಮಳೆಗಾಲದಷ್ಟು ದೊಡ್ಡ ಶತ್ರು ಇಲ್ಲ. ಗೆದ್ದಲು, ತೇವ, ಬೂಸು. ಇವೆಲ್ಲದರಿಂದ ಪಾರಾದದ್ದು ರದ್ದಿಗೆ ಹೋಗಿ ಬೆಲ್ಲ, ಒಣಮೀನು ಕಟ್ಟಲು ಮುಗಿಯುತ್ತಿತ್ತು. ಆದರೂ ಹಳೆಯ ಮನೆಗಳ ಉಪ್ಪರಿಗೆಯಲ್ಲಿ, ಹೊಗೆ ತಾಗುವ ಅಟ್ಟದಲ್ಲಿ ಕೆಲವು ಟ್ರಂಕುಗಳು ಇನ್ನೂ ಬಾಗಿಲು ತೆರೆಯದೆ ಕುಳಿತಿವೆ. ಅಂಥದ್ದನ್ನು ಯಾವಾಗಲಾದರೂ ಖಾಲಿ ಮಾಡುವಾಗ ಹೊಂಗೂದಲಿನ ಹುಡುಗಿಯೊಬ್ಬಳ ಚಿತ್ರ, ಮೇಲೆ ‘ಅಮರ ಚಿತ್ರ ಕಥೆ’ ಎಂಬ ಕನ್ನಡ ಅಕ್ಷರ, ಹತ್ತರ ಒಳಗಿನ ಒಂದು ಸಂಖ್ಯೆ ಕಂಡರೆ ರದ್ದಿಯವನನ್ನು ಸ್ವಲ್ಪ ಹೊತ್ತು ಜಗಲಿಯಲ್ಲೇ ಕೂರಿಸಿ.